ಕ್ಲಚ್ ಜಾರುತ್ತಿದೆಯೇ? ಗೇರ್‌ಬಾಕ್ಸ್ ಇಳಿಸುವ ಮೊದಲು ಮಾಡಬೇಕಾದ ಪರೀಕ್ಷೆಗಳು

ಟರ್ಬೊ ಪೆಟ್ರೋಲ್ ಎಂಜಿನ್ನಿನ ಮ್ಯಾನ್ಯುವಲ್ ಕಾರು ಇಟ್ಟುಕೊಂಡವರು ಗ್ಯಾರೇಜಿಗೆ ಬಂದು ಹೇಳುವ ಮಾತು ಹುಬ್ಬಳ್ಳಿಯಲ್ಲಾದರೂ ಹಾವೇರಿಯಲ್ಲಾದರೂ ಹೆಚ್ಚುಕಡಿಮೆ ಒಂದೇ: "ಎಕ್ಸಲರೇಟರ್ ಒತ್ತಿದ್ರ ಬರೇ ಒದರತೈತ್ರಿ, ಗಾಡಿ ಮುಂದ ಹೋಗೂದಿಲ್ಲ." ಆಮೇಲೆ ನಡೆಯುವುದು ಎರಡರಲ್ಲಿ ಒಂದು. ಮಿಸ್ತ್ರಿ ಹ್ಯಾಂಡ್‌ಬ್ರೇಕ್ ಎಳೆದು, ಮೂರನೆಯ ಗೇರ್ ಹಾಕಿ, ಕ್ಲಚ್ ಬಿಡುತ್ತಾರೆ. ಎಂಜಿನ್ ಬಂದ್ ಬೀಳುತ್ತದೆ. ಕ್ಲಚ್ ಚಲೋ ಇದೆಯೆಂದು ಕಾರನ್ನು ಮರಳಿಸುತ್ತಾರೆ. ಇಲ್ಲವೇ ಯಾವ ಪರೀಕ್ಷೆಯನ್ನೂ ಮಾಡದೆ ಗೇರ್‌ಬಾಕ್ಸ್ ಇಳಿಸಿ ಹೊಸ ಕ್ಲಚ್ ಸೆಟ್ ಕೂಡಿಸುತ್ತಾರೆ, ತಿಂಗಳೊಪ್ಪತ್ತಿನಲ್ಲಿ ಅದೇ ದೂರಿನೊಂದಿಗೆ ಕಾರು ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಹ್ಯಾಂಡ್‌ಬ್ರೇಕ್ ಪರೀಕ್ಷೆ ಸುಳ್ಳಲ್ಲ, ಆದರೆ ಅದು ಪೂರ್ತಿ ಸವೆದ ಕ್ಲಚ್ಚನ್ನು ಮಾತ್ರ ಹಿಡಿಯುತ್ತದೆ. ಐಡಲ್‌ನಲ್ಲಿ, ಅಂದರೆ ಎಕ್ಸಲರೇಟರ್ ಒತ್ತದೆ ಓಡುವಾಗ, ಎಂಜಿನ್ ಕೊಡುವ ಟಾರ್ಕ್ (ತಿರುಗಿಸುವ ಬಲ) ತೀರ ಕಡಿಮೆ. ಅರ್ಧ ಹಿಡಿತ ಉಳಿದ ಕ್ಲಚ್ ಕೂಡ ಅದನ್ನು ತಡೆದು ಎಂಜಿನ್ನನ್ನು ನಿಲ್ಲಿಸಬಲ್ಲದು. 1.5 ಲೀಟರ್ ಟಿಎಸ್‌ಐ ಎಂಜಿನ್ನಿನ ಫೋಕ್ಸ್‌ವ್ಯಾಗನ್ ವರ್ಟಸ್ ಅಥವಾ ಸ್ಕೋಡಾ ಸ್ಲಾವಿಯಾದಲ್ಲಿ 250 ನ್ಯೂಟನ್ ಮೀಟರ್ ಟಾರ್ಕ್ ಬರುವುದು 1600ರಿಂದ 3500 ಆರ್‌ಪಿಎಂವರೆಗೆ. ಅಂಥ ಕಾರಿನ ಕ್ಲಚ್ ಜಾರಲು ಶುರುವಾದರೆ ಮೊದಲು ಜಾರುವುದು ಈ ಆರ್‌ಪಿಎಂಗಳ ನಡುವೆ, ಅದೂ ಮೇಲಿನ ಗೇರುಗಳಲ್ಲಿ. ಆದ್ದರಿಂದ ಪರೀಕ್ಷೆಯನ್ನೂ ಅಲ್ಲಿಯೇ ಮಾಡಬೇಕು, ಮತ್ತು ಗೇರ್‌ಬಾಕ್ಸಿನ ಹೊರಗಿರುವ ಎಲ್ಲ ಕಾರಣಗಳನ್ನು ತಳ್ಳಿಹಾಕಿದ ನಂತರವೇ ಪಾನಾ ಕೈಗೆತ್ತಿಕೊಳ್ಳಬೇಕು.

## ಬೇಕಾಗುವ ಸಾಮಾನು

ಬ್ಲೂಟೂತ್ ಒಬಿಡಿ ರೀಡರ್ (ಕಾರಿನ ಕಂಪ್ಯೂಟರಿನಿಂದ ಅಂಕಿಗಳನ್ನು ಓದುವ ಸಾಧನ), ಅದರ ಅಂಕಿಗಳನ್ನು ದಾಖಲಿಸಿಡುವ ಆ್ಯಪ್ ಇರುವ ಫೋನು, ಟಾರ್ಚ್, ಗಾಳಿಯ ಒತ್ತಡ ನೋಡುವ ಗೇಜ್, ಬ್ಲೀಡರ್ ನಿಪ್ಪಲ್‌ಗೆ (ಕ್ಲಚ್ ಲೈನಿನ ಗಾಳಿ ತೆಗೆಯುವ ತಿರುಪು) ಸರಿಹೊಂದುವ ರಿಂಗ್ ಪಾನಾ, ಎರಡು ಅಡಿ ಪಾರದರ್ಶಕ ಪೈಪು, ಕಾರಿಗೆ ಹೇಳಿದ ದರ್ಜೆಯ ಹೊಸ ಬ್ರೇಕ್ ಫ್ಲುಯಿಡ್ (ಹೆಚ್ಚಿನ ಕಾರುಗಳಿಗೆ ಡಾಟ್ 4), ಜಾಕ್ ಮತ್ತು ಎರಡು ಗಟ್ಟಿ ಸ್ಟ್ಯಾಂಡುಗಳು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ತಲೆ ಹಾಕಬಾರದು. ಇವೆಲ್ಲಕ್ಕಿಂತ ಮುಖ್ಯವಾಗಿ ಪಕ್ಕದ ಸೀಟಿನಲ್ಲಿ ಕುಳಿತು ಫೋನ್ ನೋಡಿಕೊಳ್ಳುವ ಇನ್ನೊಬ್ಬರು ಬೇಕು. ಚಾಲಕನ ಕಣ್ಣು ರಸ್ತೆ ಬಿಟ್ಟು ಬೇರೆಲ್ಲಿಯೂ ಹೋಗಬಾರದು.

## ಹಂತ 1: ಇದು ಜಾರುವಿಕೆಯೇ ಎಂದು ಮೊದಲು ತಿಳಿಯಿರಿ

ಕ್ಲಚ್ ಜಾರಿದಾಗ, ಅಂದರೆ ಎಂಜಿನ್ನಿನ ತಿರುಗುವಿಕೆಯನ್ನು ಗೇರ್‌ಬಾಕ್ಸಿಗೆ ಪೂರ್ತಿ ದಾಟಿಸದಾಗ, ಆರ್‌ಪಿಎಂ ಏರುತ್ತದೆ, ವೇಗ ಅದರ ಜೊತೆ ಏರುವುದಿಲ್ಲ. ಟರ್ಬೊ ಪೈಪು ಬಿಚ್ಚಿಕೊಂಡು ಗಾಳಿ ಸೋರುತ್ತಿದ್ದರೆ ಅಥವಾ ಪ್ಲಗ್, ಕಾಯಿಲ್ ಕೆಟ್ಟಿದ್ದರೆ ಎರಡೂ ಏರುವುದಿಲ್ಲ. ಕಾರು ಮಂಕಾಗಿ ಎಳೆಯುತ್ತದೆ ಅಥವಾ ಜಗ್ಗಿ ಜಗ್ಗಿ ಓಡುತ್ತದೆ. ಪಿಕಪ್ ಹೋಗಿದೆ ಎಂಬ ಒಂದೇ ಮಾತಿನ ಕೆಳಗೆ ಈ ಎರಡು ಬೇರೆ ರೋಗಗಳು ಅಡಗಿರುತ್ತವೆ.

ಗೇರ್ ಬೀಳಲು ಕಷ್ಟವಾಗುವುದು, ರಿವರ್ಸ್ ಹಾಕುವಾಗ ಕರಕರ ಸದ್ದು ಬರುವುದು ಜಾರುವಿಕೆಗೆ ನೇರ ವಿರುದ್ಧವಾದ ದೋಷ: ಅಲ್ಲಿ ಕ್ಲಚ್ ಪೂರ್ತಿ ಬಿಡುತ್ತಿರುವುದಿಲ್ಲ. ಪೆಡಲ್ ಕೆಳಗೆ ದಪ್ಪನೆಯ ಮ್ಯಾಟ್ ಸಿಕ್ಕಿಕೊಂಡಾಗಲೂ, ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಒಯ್ಯುವ ಫ್ಲುಯಿಡ್ ಲೈನಿನೊಳಗೆ ಗಾಳಿ ಸೇರಿದಾಗಲೂ ಆಗುವುದು ಇದೇ. ಗಾಳಿ ತೆಗೆಸಿದರೆ ಕ್ಲಚ್ ಹಿಡಿಯುತ್ತದೆಂದು ಕಾಯುವವರು ಸುಮ್ಮನೆ ಕಾಯುತ್ತಾರೆ.

ಮೂರನೆಯ ಗೊಂದಲವೂ ಇದೆ. ಹಲವು ಹೊಸ ಕಾರುಗಳಲ್ಲಿ ಗೇರ್ ಬದಲಿಸಲೆಂದು ಕ್ಲಚ್ ಒತ್ತಿದಾಗ ಆರ್‌ಪಿಎಂ ತಕ್ಷಣ ಇಳಿಯದೆ ಅರೆಕ್ಷಣ ಮೇಲೆಯೇ ನಿಲ್ಲುತ್ತದೆ. ಇದು ಹೊಗೆ ನಿಯಂತ್ರಣಕ್ಕಾಗಿ ಎಂಜಿನ್ನಿನ ಕಂಪ್ಯೂಟರಾದ ಇಸಿಯುವಿನಲ್ಲಿ ಬರೆದಿಟ್ಟ ನಡವಳಿಕೆ. ಪೆಡಲ್ ಪೂರ್ತಿ ಮೇಲೆ ಬಂದ ಮೇಲೂ ಆರ್‌ಪಿಎಂ ಒಂದೇ ಸಮನೆ ಏರಿದರೆ ಮಾತ್ರ ಮುಂದಿನ ಹಂತಕ್ಕೆ ಹೋಗಿ.

## ಹಂತ 2: ನಿಂತ ಕಾರಿನಲ್ಲಿ ನೋಡಬೇಕಾದದ್ದು

ಎಂಜಿನ್ ಬಂದ್ ಮಾಡಿ ಪೆಡಲನ್ನು ಕೈಯಿಂದಲೇ ಒತ್ತಿ ನೋಡಿ. ತುದಿಯಲ್ಲಿ ಕೆಲವು ಮಿಲಿಮೀಟರ್ ಹಗುರವಾಗಿ ಸರಿದು, ಆಮೇಲೆ ಭಾರ ಹತ್ತಬೇಕು. ಮೊದಲ ಕೂದಲೆಳೆಯಿಂದಲೇ ಭಾರ ಹತ್ತಿದರೆ ಕ್ಲಚ್ ಸದಾ ಸ್ವಲ್ಪ ಒತ್ತಿದ ಸ್ಥಿತಿಯಲ್ಲಿಯೇ ಇರಬಹುದು. ಕೇಬಲ್ ಇರುವ ಕಾರಿನಲ್ಲಿ ಇದನ್ನು ನೋಡುವುದು ಇನ್ನೂ ಅಗತ್ಯ, ಏಕೆಂದರೆ ಪ್ಲೇಟ್ ಸವೆದಂತೆ ಅಲ್ಲಿ ಈ ಸಡಿಲು ತಾನಾಗಿ ಕಡಿಮೆಯಾಗುತ್ತಾ ಹೋಗುತ್ತದೆ.

ಪೆಡಲ್ ತೀರ ಮೇಲೆ ಬಂದಾಗ ಕ್ಲಚ್ ಹಿಡಿದರೆ ಪ್ಲೇಟ್ ಮುಗಿದಿದೆ ಎಂಬುದು ಹಳೆಯ ಲೆಕ್ಕ. ಪ್ಲೇಟನ್ನು ಫ್ಲೈವೀಲಿಗೆ (ಎಂಜಿನ್ನಿನ ಜೊತೆ ತಿರುಗುವ ಭಾರದ ಚಕ್ರ) ಒತ್ತಿ ಹಿಡಿಯುವ ಭಾಗವೇ ಪ್ರೆಶರ್ ಪ್ಲೇಟ್; ಅದು ಸವೆತಕ್ಕೆ ತಾನೇ ಹೊಂದಿಕೊಳ್ಳುವಂಥದ್ದಾದ ಕಾರಿನಲ್ಲಿ ಪೆಡಲ್ ಕೊನೆಯ ದಿನದವರೆಗೂ ಒಂದೇ ಥರ ಇರುತ್ತದೆ. ಹೀಗಾಗಿ ಪೆಡಲ್ ಹೊಸದರಂತಿದೆ ಎಂಬ ಕಾರಣಕ್ಕೆ ಯಾವ ನಿರ್ಧಾರಕ್ಕೂ ಬರಬೇಡಿ.

ಬಳಿಕ ಬಾನೆಟ್ ತೆರೆದು ಫ್ಲುಯಿಡ್ ನೋಡಿ. ಬಹಳಷ್ಟು ಕಾರುಗಳಲ್ಲಿ ಬ್ರೇಕ್ ಮತ್ತು ಕ್ಲಚ್ ಎರಡಕ್ಕೂ ಒಂದೇ ಡಬ್ಬಿ. ಯಾರಾದರೂ ಅದಕ್ಕೆ ಎಂಜಿನ್ ಆಯಿಲ್ಲೋ ಪವರ್ ಸ್ಟೀರಿಂಗ್ ಆಯಿಲ್ಲೋ ಸುರಿದಿದ್ದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ, ಒತ್ತಡ ವಾಪಸ್ ಹರಿಯುವ ದಾರಿ ಮುಚ್ಚಿ, ಕ್ಲಚ್ ಪೂರ್ತಿ ಹಿಡಿಯದೇ ಹೋಗುತ್ತದೆ. ಮುಚ್ಚಳದ ರಬ್ಬರ್ ಊದಿ ಡೊಂಕಾಗಿದ್ದರೆ ಅದೇ ಎಚ್ಚರಿಕೆಯ ಗುರುತು. ಹಾಗಾಗಿದ್ದಲ್ಲಿ ಬ್ರೇಕಿನ ಸೀಲುಗಳಿಗೂ ಅದೇ ಗತಿಯಾಗಿರುವುದರಿಂದ ಆ ಕಾರನ್ನು ಓಡಿಸದೆ ಎಳೆಸಿಕೊಂಡೇ ಹೋಗಬೇಕು.

ಕೊನೆಗೆ ಒಂದು ಪ್ರಶ್ನೆ: ಎಂಜಿನ್ ರೀಮ್ಯಾಪ್ ಆಗಿದೆಯೇ, ಅಂದರೆ ಹೆಚ್ಚು ಟಾರ್ಕಿಗಾಗಿ ಇಸಿಯುವಿನ ಪ್ರೋಗ್ರಾಂ ಬದಲಿಸಿದ್ದಾರೆಯೇ? ಬೆಂಗಳೂರು, ಪುಣೆ ಕಡೆಯಿಂದ ಸೆಕೆಂಡ್ ಹ್ಯಾಂಡ್ ಕಾರು ತಂದವರಿಗೆ ಇದು ಗೊತ್ತಿರುವುದೇ ಇಲ್ಲ. ಹಿಂದಿನ ಮಾಲೀಕರನ್ನು ಫೋನ್ ಮಾಡಿ ಕೇಳಿ. ಕಂಪನಿ ಕೊಟ್ಟ ಕ್ಲಚ್ಚಿಗೆ ಕಂಪನಿ ಕೊಟ್ಟ ಟಾರ್ಕಿನ ಮೇಲೆ ಒಂದಿಷ್ಟು ಹೆಚ್ಚುವರಿ ತಾಕತ್ತು ಇರುತ್ತದೆಯೇ ಹೊರತು, ರೀಮ್ಯಾಪ್ ಮಾಡಿದವರು ಮನಸ್ಸಿಗೆ ಬಂದಷ್ಟು ಏರಿಸಿದ್ದಕ್ಕೆಲ್ಲ ಅದು ಜವಾಬ್ದಾರಿಯಲ್ಲ.

## ಹಂತ 3: ಗೇರಿನ ಅನುಪಾತವನ್ನು ಬರೆದಿಟ್ಟುಕೊಳ್ಳಿ

ಒಂದು ಗೇರಿನಲ್ಲಿ ಕ್ಲಚ್ ಗಟ್ಟಿಯಾಗಿ ಹಿಡಿದಿದ್ದರೆ ಆರ್‌ಪಿಎಂ ಮತ್ತು ವೇಗದ ನಡುವಿನ ಅನುಪಾತ ಬದಲಾಗುವುದಿಲ್ಲ. ಇಡೀ ಪತ್ತೆಕಾರ್ಯ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ನಾಲ್ಕೂ ಗಾಲಿಗಳ ಗಾಳಿಯನ್ನು ಸರಿಮಾಡಿಕೊಂಡು, ಆ್ಯಪ್‌ನಲ್ಲಿ ಆರ್‌ಪಿಎಂ ಮತ್ತು ವೇಗ ಈ ಎರಡನ್ನು ಮಾತ್ರ ದಾಖಲಿಸುವಂತೆ ಆಯ್ಕೆ ಮಾಡಿ. ಹತ್ತು ಅಂಕಿಗಳನ್ನು ಒಟ್ಟಿಗೆ ಕೇಳಿದರೆ ಅಗ್ಗದ ರೀಡರ್ ತಡವರಿಸುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನಾಲ್ಕನೆಯ ಗೇರಿನಲ್ಲಿ 60 ಕಿ.ಮೀ. ವೇಗವನ್ನು ಅರ್ಧ ನಿಮಿಷ ಒಂದೇ ಸಮ ಇಟ್ಟುಕೊಳ್ಳಿ. ಆಗ 1980 ಆರ್‌ಪಿಎಂ ಕಂಡಿತೆಂದು ಇಟ್ಟುಕೊಳ್ಳೋಣ. 1980ನ್ನು 60ರಿಂದ ಭಾಗಿಸಿದರೆ 33. ಇದು ಆ ಕಾರಿನ ನಾಲ್ಕನೆಯ ಗೇರಿನ ಅನುಪಾತ. ಐದನೆಯ ಗೇರಿಗೂ ಹೀಗೆಯೇ ತೆಗೆದು ಬರೆದಿಡಿ.

## ಹಂತ 4: ರಸ್ತೆಯ ಮೇಲಿನ ಪರೀಕ್ಷೆ

ಜಾಗ ಆರಿಸುವುದರಲ್ಲಿಯೇ ಹಲವರು ಎಡವುತ್ತಾರೆ. ಹುಬ್ಬಳ್ಳಿ–ಧಾರವಾಡ ಬೈಪಾಸ್ ಇದಕ್ಕೆ ತಕ್ಕ ಜಾಗವಲ್ಲ. ಲಾರಿಗಳ ಸಾಲು ಅಲ್ಲಿ ಮುಗಿಯುವುದೇ ಇಲ್ಲ. ನೃಪತುಂಗ ಬೆಟ್ಟದ ಏರು ಚಿಕ್ಕದು, ಬೆಳಗಿನ ಹೊತ್ತು ಅಲ್ಲಿ ವಾಕಿಂಗ್ ಬಂದವರೇ ತುಂಬಿರುತ್ತಾರೆ. ಯಲ್ಲಾಪುರದ ಆಚೆ ಅರಬೈಲ್ ಘಾಟಿನಲ್ಲಿ ಭಾರವೇನೋ ಚೆನ್ನಾಗಿ ಬೀಳುತ್ತದೆ, ಆದರೆ ಎದುರಿಗೆ ಲಾರಿ ಬರುವ ತಿರುವಿನಲ್ಲಿ ಎಳೆತ ಸತ್ತರೆ ಮುಂದೇನು? ಗದಗ ರಸ್ತೆಯಲ್ಲಿ ಅಣ್ಣಿಗೇರಿಯ ಆಸುಪಾಸು ಎರೆ ಹೊಲಗಳ ನಡುವೆ ನೆಟ್ಟಗೆ ಹಾಯುವ ಭಾಗ, ಬೆಳಕು ಹರಿದ ಮೇಲೆ, ದಟ್ಟಣೆ ಶುರುವಾಗುವ ಮೊದಲು, ನನ್ನ ಆಯ್ಕೆ. ಒಂದು ಎಚ್ಚರಿಕೆ: ಸುಗ್ಗಿಯಲ್ಲಿ ಕಡಲೆ ಹೊಟ್ಟು ರಸ್ತೆಗೆ ಬಿದ್ದಿದ್ದರೆ, ಮಳೆಗಾಲದಲ್ಲಿ ಟ್ರ್ಯಾಕ್ಟರಿನ ಗಾಲಿಗಂಟಿದ ಎರೆಮಣ್ಣು ಡಾಂಬರಿಗೆ ಮೆತ್ತಿದ್ದರೆ, ಜಾರುವುದು ಗಾಲಿಯೋ ಕ್ಲಚ್ಚೋ ಎಂದು ಹೇಳಲಾಗುವುದಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ ದೀಪ ಮಿನುಗಿದ ಓಟವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಒಂದು ಮತ್ತು ಎರಡನೆಯ ಗೇರಿನಲ್ಲಿ ಪರೀಕ್ಷಿಸಬಾರದೆನ್ನುವುದೂ ಇದೇ ಕಾರಣಕ್ಕೆ.

ನಾಲ್ಕನೆಯ ಗೇರಿನಲ್ಲಿ 2000 ಆರ್‌ಪಿಎಂ ಹತ್ತಿರ ಬಂದು, ಕ್ಲಚ್ ಪೆಡಲಿನಿಂದ ಕಾಲನ್ನು ಪೂರ್ತಿ ತೆಗೆದು, ಎಕ್ಸಲರೇಟರನ್ನು ಎರಡು ಸೆಕೆಂಡಿನಲ್ಲಿ ಪೂರ್ತಿ ಒತ್ತಿ. 90 ಕಿ.ಮೀ. ಮುಟ್ಟುತ್ತಿದ್ದಂತೆ ಬಿಡಿ. ಅಷ್ಟೇ ಸಾಕು, ಟಾರ್ಕಿನ ತುದಿ ಇದರೊಳಗೇ ಬಂದುಹೋಗಿರುತ್ತದೆ. 1500 ಆರ್‌ಪಿಎಂಗಿಂತ ಕೆಳಗಿನಿಂದ ಒಮ್ಮೆಲೇ ಪೂರ್ತಿ ಒತ್ತುವುದು ಬೇಡ, ಏಕೆಂದರೆ ಸಣ್ಣ ಟರ್ಬೊ ಎಂಜಿನ್ನಿನಲ್ಲಿ ಪೆಟ್ರೋಲ್ ಹೊತ್ತಿಗೆ ಮೊದಲೇ ಉರಿದು ಪಿಸ್ಟನ್ನಿಗೆ ಪೆಟ್ಟು ಬೀಳುವ ಅಪಾಯವಿದೆ. ಟರ್ಬೊ ಇಲ್ಲದ, ಮೇಲಿನ ಆರ್‌ಪಿಎಂನಲ್ಲಿ ಎಳೆಯುವ ಎಂಜಿನ್ನಾದರೆ ಮೂರನೆಯ ಗೇರಿನಲ್ಲಿ ಅದರ ಟಾರ್ಕ್ ತುದಿಯವರೆಗೆ ಹೋಗಬೇಕಾಗುತ್ತದೆ.

ಈಗ ದಾಖಲೆ ಓದುವುದು. 80 ಕಿ.ಮೀ. ವೇಗದಲ್ಲಿ ಅನುಪಾತ 33 ಇದ್ದರೆ 2640 ಆರ್‌ಪಿಎಂ ಕಾಣಬೇಕು. 3000 ಕಂಡರೆ ಅನುಪಾತ 37.5, ಅಂದರೆ ಶೇಕಡಾ 13ಕ್ಕೂ ಮೀರಿದ ಜಾರುವಿಕೆ. ಇದರಲ್ಲಿ ಸಂಶಯಕ್ಕೆ ಎಡೆಯಿಲ್ಲ. ತೊಡಕಾಗುವುದು ಚಿಕ್ಕ ಅಂಕಿಗಳಲ್ಲಿ. ಒಬಿಡಿಯಲ್ಲಿ ಸಾಮಾನ್ಯವಾಗಿ ಸಿಗುವ ವೇಗ ಪೂರ್ಣಾಂಕದಲ್ಲಿ ಬರುತ್ತದೆ, ಅಂದರೆ 60ರ ಹತ್ತಿರ ಒಂದು ಕಿ.ಮೀ. ವ್ಯತ್ಯಾಸವೇ ಶೇಕಡಾ 1.7 ಆಗುತ್ತದೆ. ಜೊತೆಗೆ ವೇಗದ ಅಂಕಿ ಆರ್‌ಪಿಎಂಗಿಂತ ತುಸು ತಡವಾಗಿ ಬರುತ್ತದೆ. ಸೆಕೆಂಡಿಗೆ 4 ಕಿ.ಮೀ. ವೇಗ ಏರುತ್ತಿರುವಾಗ ಅರ್ಧ ಸೆಕೆಂಡ್ ತಡವಾದರೆ 2 ಕಿ.ಮೀ. ಸುಳ್ಳು ವ್ಯತ್ಯಾಸ ಕಾಣುತ್ತದೆ. ಹೀಗೆ ಹುಟ್ಟಿದ ವ್ಯತ್ಯಾಸ ಓಟದ ಉದ್ದಕ್ಕೂ ಹೆಚ್ಚುಕಡಿಮೆ ಒಂದೇ ತೆರನಾಗಿರುತ್ತದೆ. ನಿಜವಾದ ಜಾರುವಿಕೆ ಟಾರ್ಕ್ ಏರಿದಾಗ ಗೂನಿನಂತೆ ಉಬ್ಬಿ, ಎಕ್ಸಲರೇಟರ್ ಅರ್ಧಕ್ಕೆ ಬಿಟ್ಟ ಕೂಡಲೇ ಇಳಿದುಬಿಡುತ್ತದೆ. ಶೇಕಡಾ 5ಕ್ಕಿಂತ ಹೆಚ್ಚಿನ ಉಬ್ಬು ಒಂದು ಸೆಕೆಂಡ್ ಮೀರಿ ನಿಂತರೆ ಮಾತ್ರ ನಾನು ಅದನ್ನು ಜಾರುವಿಕೆಯೆಂದು ಒಪ್ಪುತ್ತೇನೆ. ಇಂಥ ಓಟವನ್ನು ಮೂರು ಸಲ ಮಾಡಿ, ನಡುವೆ ಐದೈದು ನಿಮಿಷ ಸಾವಕಾಶವಾಗಿ ಓಡಿಸಿ ಕ್ಲಚ್ ಆರಲು ಬಿಡಬೇಕು.

ಮೊದಲ ಓಟದಲ್ಲಿಯೇ ಆರ್‌ಪಿಎಂ ಮುಳ್ಳು ಜಿಗಿದು, ಕಮರು ವಾಸನೆ ಮೂಗಿಗೆ ಬಡಿದರೆ ಅಲ್ಲಿಗೆ ನಿಲ್ಲಿಸಿ, ಉತ್ತರ ಸಿಕ್ಕಾಗಿದೆ. ಇನ್ನೊಮ್ಮೆ ನೋಡೋಣವೆಂದು ಒತ್ತಿದರೆ ಉಳಿಯಬಹುದಾಗಿದ್ದ ಫ್ಲೈವೀಲ್ ಕೂಡ ಸುಟ್ಟುಹೋಗುತ್ತದೆ.

## ಹಂತ 5: ಬಿಸಿಯಾದ ಮೇಲೆ ಮತ್ತೊಮ್ಮೆ

ಬೆಳಗಿನ ತಂಪಿನಲ್ಲಿ ಪಾಸಾದ ಕ್ಲಚ್ ಮಧ್ಯಾಹ್ನ ಫೇಲಾಗುವುದು ಸಾಮಾನ್ಯ. ಕ್ಲಚ್ ತಡೆಯಬಲ್ಲ ಟಾರ್ಕನ್ನು ಹೀಗೆ ಲೆಕ್ಕ ಹಾಕುತ್ತಾರೆ: ಘರ್ಷಣೆಯ ಗುಣಾಂಕ, ಪ್ರೆಶರ್ ಪ್ಲೇಟಿನ ಒತ್ತುವ ಬಲ, ಲೈನಿಂಗಿನ (ಪ್ಲೇಟಿನ ಮೇಲಿನ ಉಜ್ಜುವ ಪದರ) ಸರಾಸರಿ ತ್ರಿಜ್ಯ, ಇವುಗಳ ಗುಣಲಬ್ಧದ ಎರಡು ಪಟ್ಟು (ಪ್ಲೇಟಿಗೆ ಎರಡು ಮುಖಗಳಿರುವುದರಿಂದ). ಉದಾಹರಣೆಗೆ ಗುಣಾಂಕ 0.3, ಬಲ 6000 ನ್ಯೂಟನ್, ತ್ರಿಜ್ಯ 0.1 ಮೀಟರ್ ಆದರೆ 360 ನ್ಯೂಟನ್ ಮೀಟರ್. ಅತಿಯಾದ ಬಿಸಿಯಲ್ಲಿ ಗುಣಾಂಕ 0.2ಕ್ಕೆ ಕುಸಿದರೆ ಅದೇ ಕ್ಲಚ್ ತಡೆಯುವುದು 240 ಮಾತ್ರ. 250 ಕೊಡುವ ಎಂಜಿನ್ ಅದರ ಹಿಂದಿದ್ದರೆ ಪ್ಲೇಟ್ ಎಷ್ಟೇ ದಪ್ಪಗಿದ್ದರೂ ಜಾರಿಯೇ ಜಾರುತ್ತದೆ.

ಆದ್ದರಿಂದ ಚೆನ್ನಮ್ಮ ವೃತ್ತದಿಂದ ಉಣಕಲ್‌ವರೆಗೆ ದಟ್ಟಣೆಯ ಹೊತ್ತಿನಲ್ಲಿ ಒಮ್ಮೆ ಹೋಗಿಬಂದು, ನಗರ ದಾಟಿದ ನಂತರ ಹಂತ 4ರ ಓಟವನ್ನು ಒಮ್ಮೆ ಮಾತ್ರ ಮಾಡಿ. ತಣ್ಣಗಿದ್ದಾಗಲೂ ಬಿಸಿಯಿದ್ದಾಗಲೂ ಜಾರಿದರೆ ಸವೆತ ಅಥವಾ ಪ್ಲೇಟಿಗೆ ತಾಗಿದ ಎಣ್ಣೆ. ಬಿಸಿಯಾದಾಗ ಮಾತ್ರ ಜಾರಿದರೆ ಹೊಳಪೇರಿದ ಲೈನಿಂಗ್, ಸೋತ ಪ್ರೆಶರ್ ಪ್ಲೇಟ್, ಇಲ್ಲವೇ ಲೈನಿನಲ್ಲಿ ಉಳಿದುಕೊಂಡ ಒತ್ತಡ. ಈ ಕೊನೆಯದನ್ನು ಬಿಡಿಸಿ ನೋಡುವುದು ಸುಲಭ, ಆದರೆ ಬಹುತೇಕರು ನೋಡುವುದೇ ಇಲ್ಲ.

## ಹಂತ 6: ನಿಪ್ಪಲ್ ಪರೀಕ್ಷೆ

ಬಿಸಿಯಾಗಿ ಜಾರುತ್ತಿರುವಾಗಲೇ ಕಾರು ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಸ್ಲೇವ್ ಸಿಲಿಂಡರಿನ (ಫ್ಲುಯಿಡ್ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗ) ಬ್ಲೀಡರ್ ನಿಪ್ಪಲ್‌ಗೆ ಪಾರದರ್ಶಕ ಪೈಪ್ ಸಿಕ್ಕಿಸಿ. ಪೆಡಲ್ ಮುಟ್ಟದೆ ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಡಬ್ಬಿ ಎತ್ತರದಲ್ಲಿರುವುದರಿಂದ ಫ್ಲುಯಿಡ್ ನಿಧಾನವಾಗಿ ಜಿನುಗುವುದು ಸಹಜ. ಒಮ್ಮೆಲೇ ಚಿಮ್ಮಿದರೆ ಒತ್ತಡ ಒಳಗೇ ಸಿಕ್ಕಿಕೊಂಡಿತ್ತೆಂದು ಅರ್ಥ. ಫ್ಲುಯಿಡ್ ಪೇಂಟನ್ನು ತಿನ್ನುತ್ತದೆ; ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ. ನಿಪ್ಪಲ್ ಬಿಗಿದ ಮೇಲೆ ಡಬ್ಬಿಯ ಮಟ್ಟ ಸರಿಮಾಡಿ, ಪೆಡಲ್ ಮೆತ್ತಗಾಗಿದ್ದರೆ ಗಾಳಿ ತೆಗೆದು, ಬ್ರೇಕ್ ಒತ್ತಿ ನೋಡಿಯೇ ಕಾರು ಕದಲಿಸಿ.

ರಾಣೆಬೆನ್ನೂರಿನಿಂದ ಬಂದಿದ್ದ 1.8 ಲೀಟರ್ ಟರ್ಬೊ ಸೆಡಾನ್ ಒಂದಕ್ಕೆ ಬೇರೊಂದು ಕಡೆ ಎರಡು ಸಲ ಕ್ಲಚ್ ಸೆಟ್ ಬದಲಿಸಿದ್ದರು. ಅರ್ಧ ತಾಸು ಓಡಿದ ಮೇಲೆ ಮಾತ್ರ ಜಾರುತ್ತಿತ್ತು. ನಾವು ನಿಪ್ಪಲ್ ಸಡಿಲಿಸಿದಾಗ ಪೆಡಲ್ ಮೇಲೆ ಯಾರ ಕಾಲೂ ಇರಲಿಲ್ಲ; ಆದರೂ ಚಹಾದ ಬಣ್ಣಕ್ಕೆ ತಿರುಗಿದ್ದ ಫ್ಲುಯಿಡ್ ಪೈಪಿನಲ್ಲಿ ಸರ್ರನೆ ಒಂದು ಗೇಣು ಏರಿತು. ನಿಪ್ಪಲ್ ಬಿಗಿದು ಅದೇ ರಸ್ತೆಯಲ್ಲಿ ಓಡಿಸಿದರೆ ಜಾರುವಿಕೆ ಮಾಯ, ಮತ್ತೆ ಅರ್ಧ ತಾಸಿಗೆ ಹಾಜರ್. ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಫ್ಲುಯಿಡ್ ತಳ್ಳುವ ಭಾಗ) ಬದಲಿಸಿದವರು ಪೆಡಲಿನ ಪುಶ್‌ರಾಡನ್ನು ಸಡಿಲೇ ಇಲ್ಲದಂತೆ ಬಿಗಿದಿದ್ದರು. ಪಿಸ್ಟನ್ ಪೂರ್ತಿ ಹಿಂದೆ ಸರಿಯದೆ, ಬಿಸಿಗೆ ಹಿಗ್ಗಿದ ಫ್ಲುಯಿಡ್ ಡಬ್ಬಿಗೆ ಮರಳಲಾರದೆ ಕ್ಲಚ್ಚನ್ನೇ ಒತ್ತುತ್ತಿತ್ತು. ಲಾಕ್‌ನಟ್ ಸಡಿಲಿಸಿ ರಾಡನ್ನು ಒಂದೂವರೆ ಸುತ್ತು ತಿರುಗಿಸಿದ್ದಷ್ಟೇ ರಿಪೇರಿ. ಎರಡನೆಯ ಸೆಟ್ಟಿನ ಪ್ಲೇಟ್ ಅಷ್ಟರಲ್ಲಿ ಹೊಳಪೇರಿ ಕೆಟ್ಟಿದ್ದರಿಂದ ಮೂರನೆಯದಕ್ಕೆ ಆ ಮಾಲೀಕರು ಮತ್ತೆ ಹಣ ಹಾಕಬೇಕಾಯಿತು.

## ಹಂತ 7: ಗೇರ್‌ಬಾಕ್ಸ್ ಇಳಿಸಿದ ಮೇಲೆ

ಬಿಚ್ಚಿದ ಭಾಗಗಳನ್ನು ಒರೆಸುವ ಮೊದಲು ನೋಡಬೇಕು ಮತ್ತು ಮೂಸಬೇಕು. ಹುಡುಗ ಪೆಟ್ರೋಲ್ ಹಾಕಿ ತೊಳೆದಿಟ್ಟರೆ ಸಾಕ್ಷಿ ಹೋದಂತೆ.

ಪ್ಲೇಟ್ ಒದ್ದೆಯಾಗಿದ್ದರೆ ಅದು ಯಾವ ಎಣ್ಣೆ? ಕಪ್ಪಾದ ಎಂಜಿನ್ ಆಯಿಲ್ ಆದರೆ ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಸೀಲ್; ಗಂಧಕದ ಘಾಟಿರುವ ಗೇರ್ ಆಯಿಲ್ ಆದರೆ ಗೇರ್‌ಬಾಕ್ಸ್ ಇನ್‌ಪುಟ್ ಶಾಫ್ಟಿನ ಸೀಲ್; ನೀರಿಗೆ ತೊಳೆದು ಹೋಗುವಂಥದ್ದಾದರೆ ಒಳಗೇ ಕುಳಿತ ಸ್ಲೇವ್ ಸಿಲಿಂಡರ್ ಸೋರಿದೆ. ಆ ಸೀಲ್ ಬದಲಿಸದೆ ಪ್ಲೇಟ್ ಬದಲಿಸಿದರೆ ಏನೂ ಮಾಡಿದಂತಾಗುವುದಿಲ್ಲ.

ಒಣಗಿದ್ದರೆ ದಪ್ಪ ನೋಡಿ. ರಿವೆಟ್ ತಲೆ ಲೈನಿಂಗಿನ ಮೇಲ್ಮೈಯಿಂದ ಎಷ್ಟು ಆಳದಲ್ಲಿದೆ ಎಂಬುದನ್ನು ವರ್ನಿಯರ್‌ನಿಂದ ಅಳೆಯಬೇಕು. ಮಿತಿ ಎಷ್ಟೆಂಬುದು ಆ ಕಾರಿನ ಸರ್ವಿಸ್ ಕೈಪಿಡಿಯಲ್ಲಿರುತ್ತದೆ, ಸಾಮಾನ್ಯವಾಗಿ 0.3 ಮಿ.ಮೀ. ಆಸುಪಾಸು. ದಪ್ಪ ಚೆನ್ನಾಗಿದ್ದು ಮುಖ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಬಿಸಿಯ ಕೆಲಸ. ಉಜ್ಜುಕಾಗದದಿಂದ ಉಜ್ಜಿ ಮತ್ತೆ ಕೂಡಿಸುವ ರೂಢಿ ನಮ್ಮ ಕಡೆ ಇದೆ, ಇಷ್ಟು ಟಾರ್ಕಿನ ಕಾರಿಗೆ ಅದು ಬಾಳುವುದಿಲ್ಲ.

ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟಿನ ಮೇಲೆ ನೀಲಿ ಕಲೆಗಳು, ಕೂದಲೆಳೆಯಂಥ ಬಿರುಕುಗಳು ಇವೆಯೇ ನೋಡಿ. ಒಂದೇ ತುಂಡಿನ ಫ್ಲೈವೀಲನ್ನು ಕಂಪನಿಯ ಮಿತಿಯೊಳಗೆ ಲೇತಿನಲ್ಲಿ ಮುಖ ತೆಗೆಸಬಹುದು. ಎರಡು ಭಾಗಗಳ ನಡುವೆ ಸ್ಪ್ರಿಂಗ್ ಇರುವ ಡ್ಯುಯಲ್ ಮಾಸ್ ಫ್ಲೈವೀಲನ್ನು ಲೇತಿಗೆ ಏರಿಸಬಾರದು. ಅದರ ತಿರುಗುವ ಸಡಿಲನ್ನೂ ಅಲುಗಾಟವನ್ನೂ ಕೈಪಿಡಿಯ ಅಂಕಿಗೆ ಹೋಲಿಸಿ, ಮೀರಿದ್ದರೆ ಬದಲಿಸುವುದೊಂದೇ ದಾರಿ.

## ಹಂತ 8: ಯಾವ ಸೆಟ್ ಹಾಕಬೇಕು

ರೀಮ್ಯಾಪ್ ಆಗದ ಕಾರಿಗೆ ಕಂಪನಿಯದೇ ಪ್ಲೇಟ್, ಪ್ರೆಶರ್ ಪ್ಲೇಟ್, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿ. ರೀಮ್ಯಾಪ್ ಆದ ಕಾರಿಗೆ ಅದೇ ಸೆಟ್ ಹಾಕುವುದೆಂದರೆ ಅದೇ ದೂರನ್ನು ಹೊಸದಾಗಿ ಕೊಂಡಂತೆ: ಟಾರ್ಕನ್ನು ಮೊದಲಿನ ಮಟ್ಟಕ್ಕೆ ಇಳಿಸಿ, ಇಲ್ಲವೇ ಹೆಚ್ಚಿನ ಒತ್ತುವ ಬಲದ ಸೆಟ್ ಹಾಕಿಸಿ ಭಾರವಾದ ಪೆಡಲನ್ನು ಒಪ್ಪಿಕೊಳ್ಳಿ. ದಿನಾ ಹುಬ್ಬಳ್ಳಿ–ಧಾರವಾಡ ಓಡಾಡುವವರಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ. ಸಿಗ್ನಲ್ಲಿಗೊಮ್ಮೆ ಗಟ್ಟಿ ಪೆಡಲ್ ತುಳಿದ ಮೊಣಕಾಲು ಮೂರನೆಯ ತಿಂಗಳಿಗೆ ತಕರಾರು ತೆಗೆಯುತ್ತದೆ.

ಜೋಡಿಸುವಾಗ ಪ್ಲೇಟನ್ನು ಅಲೈನ್‌ಮೆಂಟ್ ಟೂಲ್‌ನಿಂದಲೇ ನಡುವಿಗೆ ತನ್ನಿ, ಗೇರ್‌ಬಾಕ್ಸಿನ ಭಾರವನ್ನು ಇನ್‌ಪುಟ್ ಶಾಫ್ಟಿನ ಮೇಲೆ ಜೋತುಬಿಡಬೇಡಿ, ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ತೆಳುವಾಗಿ ಸವರಿ. ಹೆಚ್ಚಾದ ಗ್ರೀಸ್ ತಿರುಗುವ ರಭಸಕ್ಕೆ ಹಾರಿ ಲೈನಿಂಗಿಗೆ ಬಡಿಯುತ್ತದೆ. ಹೊಸ ಪ್ರೆಶರ್ ಪ್ಲೇಟಿಗೆ ತುಕ್ಕು ಹಿಡಿಯದಂತೆ ಎಣ್ಣೆ ಹಚ್ಚಿದ್ದರೆ ಬ್ರೇಕ್ ಕ್ಲೀನರಿನಿಂದ ಒರೆಸಿ ತೆಗೆಯಬೇಕು.

ಮೊದಲ 500 ಕಿ.ಮೀ. ಪೂರ್ತಿ ಎಕ್ಸಲರೇಟರ್ ಒತ್ತದೆ, ಆದಷ್ಟು ಊರೊಳಗೆ ಓಡಿಸಿ. ಆಮೇಲೆ ಹಂತ 3 ಮತ್ತು 4ನ್ನು ಮತ್ತೆ ಮಾಡಿ, ದಾಖಲೆಯನ್ನು ತಾರೀಖು, ಕಿಲೋಮೀಟರ್ ಸಮೇತ ಫೋನಿನಲ್ಲಿ ಉಳಿಸಿಡಿ. ಮುಂದೆ ಎಂದಾದರೂ ಸಂಶಯ ಬಂದಾಗ ಹೋಲಿಸಿ ನೋಡಲು ಬೇಕಾಗುವುದು ಗಟ್ಟಿ ಹಿಡಿತದ ಈ ದಿನದ ಅಂಕಿಗಳೇ.